ಹೊಸಬರಿಗೆ ಹಳೆಯ ತಾಟು

ಕಳೆದ ತಿಂಗಳು ಯಲ್ಲಾಪುರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವರು ಕಾಲ ಬಳಿ ಒಂದು ಬಾಳೆಗೊನೆ ಇಟ್ಟುಕೊಂಡಿದ್ದರು. ನಂದೊಳ್ಳಿ ಕಡೆಯಿಂದ ಬಂದವರಿರಬೇಕು. ಗೊನೆ ಪೂರ್ತಿ ಹಣ್ಣಾಗಿತ್ತು. ಕೆಲವು ಹಣ್ಣಿನ ಸಿಪ್ಪೆ ಒಡೆದು, ಮಧ್ಯಾಹ್ನದ ಬಿಸಿಲಿಗೆ ವಾಸನೆ ಬಸ್ಸಿಡೀ ತುಂಬಿಕೊಂಡಿತ್ತು. ಪಕ್ಕದಲ್ಲಿದ್ದವರು "ಆಹಾ, ಎಂಥ ಪರಿಮಳ" ಅಂದರು. ನನ್ನ ಕೈ ತಾನಾಗಿಯೇ ಮುಖ ಮುಚ್ಚಿಕೊಂಡಿತು. ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿಕೊಂಡು ಇಳಿದುಬಿಟ್ಟೆ. ಕಂಡಕ್ಟರು ಏನೋ ಗೊಣಗಿದ. ಮುಂದಿನ ಬಸ್ಸು ಬರುವವರೆಗೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದೆ.

ಹೆಜ್ಜೇನು ಕಚ್ಚಿದ ಜಾಗದಿಂದ ಏಳುವ ವಾಸನೆ ಹಣ್ಣು ಬಾಳೆಯದ್ದೇ. ಒಂದು ಹುಳು ಚುಚ್ಚಿದರೆ ಉಳಿದವು ಆ ವಾಸನೆ ಹಿಡಿದು ಅದೇ ಜಾಗಕ್ಕೆ ಬರುತ್ತವೆ ಎಂದು ನಾನು ಓದಿದ್ದು ಆಮೇಲೆ. ಆವತ್ತು ನನಗೆ ಗೊತ್ತಾಗಿದ್ದು ಇಷ್ಟೇ: ಒಂದೂ ಬಾಳೆಗಿಡ ಇಲ್ಲದ ಆ ಹುಲ್ಲುಗುಡ್ಡದ ಬೇಣದಲ್ಲಿ ಎಲ್ಲಿಂದಲೋ ಬಾಳೆಹಣ್ಣಿನ ವಾಸನೆ ಬಂತು... ಅದು ಮಾಸ್ತರ ಮೈಯಿಂದ ಬರುತ್ತಿತ್ತು.

ಅವರು ನಮ್ಮ ನೆರೆಮನೆಯವರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಹಾವೇರಿ ಸೀಮೆಯಿಂದ ವರ್ಗವಾಗಿ ಬಂದು, ನಿವೃತ್ತಿಯ ನಂತರವೂ ಶಿರಸಿ ಬಿಡದೆ ಹುಲೇಕಲ್ ರಸ್ತೆಯ ಬಾಡಿಗೆ ಮನೆಯಲ್ಲೇ ಉಳಿದಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಊರ ಕಡೆ ಇದ್ದಳು. ಇಪ್ಪತ್ತೈದು ವರ್ಷ ಈ ನೆಲದಲ್ಲಿದ್ದರೂ ಅವರ ಮಾತು ಮಾತ್ರ ಹಾವೇರಿಯದ್ದೇ. ನಮ್ಮ ಅಮ್ಮ "ಎಂತ ಮಾಸ್ತರೇ, ಆರಾಮ?" ಅಂದರೆ "ಆರಾಮ ಅದೀನ್ರಿ ಅವ್ವಾರ" ಅನ್ನುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಎದ್ದು ಯಾರೂ ಇಲ್ಲದ ಅಂಗಳದಲ್ಲಿ ನಿಂತು ಕವಾಯತು ಮಾಡುತ್ತಿದ್ದರು. ಮಕ್ಕಳಿಲ್ಲದ ಡ್ರಿಲ್ ಮಾಸ್ತರನನ್ನು ನೋಡುವುದು ಕಷ್ಟದ ಕೆಲಸ.

ಅವರ ಕೈಗೆ ಆ ಆಟ ಬಂದದ್ದು ಆಕಸ್ಮಿಕ. ಕಾಡಿನ ಕಪ್ಪೆಗಳ ಅಧ್ಯಯನಕ್ಕೆಂದು ಬಂದ ಒಬ್ಬ ವಿದೇಶಿ ಹುಡುಗ ಎರಡು ಮಳೆಗಾಲ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಅವನ ಹತ್ತಿರ ಒಂದು ಚೀಲದ ತುಂಬ ಪ್ಲಾಸ್ಟಿಕ್ ತಾಟುಗಳಿದ್ದವು. ಗಾಲ್ಫ್‌ನಲ್ಲಿ ಚೆಂಡನ್ನು ಕುಳಿಗೆ ಹಾಕುವ ಹಾಗೆ, ಆ ತಾಟನ್ನು ದೂರದಿಂದ ಎಸೆದು ಎಸೆದು ಕೊನೆಗೆ ಒಂದು ಬುಟ್ಟಿಗೆ ಬೀಳಿಸಬೇಕು. ಯಾರು ಕಡಿಮೆ ಎಸೆತದಲ್ಲಿ ಬೀಳಿಸುತ್ತಾರೋ ಅವರು ಗೆದ್ದಂತೆ. ಡಿಸ್ಕ್ ಗಾಲ್ಫ್ ಎಂದು ಅವನು ಕಲಿಸಿದ. ನಮ್ಮ ಕೇರಿಯಲ್ಲಿ ಅದು ತಾಟಿನ ಆಟವಾಯಿತು. ಊರಿಗೆ ಮರಳುವಾಗ ಅವನು ಚೀಲವನ್ನು ಮಾಸ್ತರರಿಗೇ ಬಿಟ್ಟುಹೋದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು ಅಷ್ಟೆ. ನಾನು ಬಿ.ಎಸ್ಸಿ. ಮುಗಿಸಿ, ಅರ್ಜಿಗಳನ್ನು ಹಾಕಿ, ಉತ್ತರಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಆದ್ದರಿಂದ ಅವರ ಮೊದಲ ಶಿಷ್ಯ ನಾನೇ.

ಮನೆಗಳ ಹಿಂದೆ ದನ ಮೇಯುವ ಬೇಣ ಇತ್ತು. ಹುಲ್ಲಿನ ಗುಡ್ಡ, ಅಲ್ಲಲ್ಲಿ ಮರ. ಬೇಣದ ಯಜಮಾನರ ಅನುಮತಿ ಕೇಳಿ ಮಾಸ್ತರು ಏಳು ಮರಗಳಿಗೆ ಏಳು ಬಿದಿರಿನ ಹೆಡಿಗೆ ಕಟ್ಟಿದರು. ಸೈಕಲ್ ಅಂಗಡಿಯವನು ಬಿಸಾಡಿದ ಹಳೆಯ ಚೈನುಗಳನ್ನು ತಂದು ಪ್ರತಿ ಹೆಡಿಗೆಯ ಮೇಲೆ ಪರದೆಯ ಹಾಗೆ ಇಳಿಬಿಟ್ಟರು. ತಾಟು ಬಂದು ಚೈನಿಗೆ ತಾಗಿ ಜಣ್ ಎಂದು ಹೆಡಿಗೆಗೆ ಬಿದ್ದರೆ ಅವರ ಮುಖ ನೋಡಬೇಕಿತ್ತು.

ಎಸೆಯುವುದನ್ನು ಕಲಿಸುವ ಮೊದಲು ಅವರು ತಾಟನ್ನು ಆರಿಸುವುದನ್ನು ಕಲಿಸಿದರು. ಜಗಲಿಯ ಮೇಲೆ ಚೀಲದ ಹನ್ನೊಂದು ತಾಟುಗಳನ್ನೂ ಸಾಲಾಗಿ ಇಟ್ಟು, ನನ್ನನ್ನು ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದರು.

"ಅಂಚು ಹಿಡದು ನೋಡು ತಮ್ಮಾ. ಮೊಂಡ ಐತೋ, ಚೂಪ ಐತೋ?"

ಅಂಚು ಮೊಂಡಾಗಿ, ಕಿರಿದಾಗಿ ಇದ್ದದ್ದಕ್ಕೆ ಅವರು ಎಮ್ಮೆ ಅಂತ ಹೆಸರಿಟ್ಟಿದ್ದರು. ನಿಧಾನ, ಆದರೆ ಹೇಳಿದಲ್ಲಿಗೆ ಹೋಗುತ್ತದೆ. ಅದಕ್ಕಿಂತ ಸ್ವಲ್ಪ ಅಂಚು ಅಗಲವಾದದ್ದು ಎತ್ತು. ಅಂಚು ಅಗಲವಾಗಿ, ತುದಿ ಚೂಪಾಗಿ, ಕೈಯಲ್ಲಿ ಹಿಡಿದರೆ ಕತ್ತಿಯ ಹಾಗನಿಸುವುದು ಹೋರಿ. ಅವರ ಸೀಮೆಯಲ್ಲಿ ಹೋರಿ ಓಡಿಸುವುದನ್ನು ಕಂಡು ಬೆಳೆದವರು ಅವರು, ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ.

"ಹೋರಿಗೆ ಓಟ ಬೇಕು. ಹೊಸಬರ ಕೈಯಾಗ ಆ ಓಟ ಇರೂದಿಲ್ಲ. ಓಟ ಸಿಗಲಿಲ್ಲಂದ್ರ ಹೋರಿ ಮಾತು ಕೇಳೂದಿಲ್ಲ, ಎಡಕ್ಕ ತಿರಿಗಿ ಬಿಡತೈತಿ. ಹೊಸಬರಿಗೆ ಎಮ್ಮಿ ಕೊಡು. ಹಗುರಾದ ಎಮ್ಮಿ. ಅದ್ರಾಗೂ ಹಳೇದು."

"ಹಳೇದು ಯಾಕೆ ಸರ್?"

"ಹಳೇದು ಪೆಟ್ಟು ತಿಂದಿರತೈತಿ. ಪೆಟ್ಟು ತಿಂದದ್ದು ಸಾಧು ಆಗಿರತೈತಿ. ನನ್ನ ಕಂಡ್ರ ಗೊತ್ತಾಗೂದಿಲ್ಲೇನು?" ಎಂದು ನಗುತ್ತಿದ್ದರು.

ಆ ಹಳೆಯ ಎಮ್ಮೆ ಹಸಿರು ಬಣ್ಣದ್ದು. ಗೀರು ಬಿದ್ದು ಬಿದ್ದು ಬಣ್ಣ ಬೂದಿಯಾಗಿತ್ತು. ಒಂದು ಕಡೆ ಅವರ ಮನೆಯ ನಾಯಿಯ ಹಲ್ಲಿನ ಗುರುತು ಬೇರೆ. ನಾನು ಕಲಿತದ್ದು ಅದರಲ್ಲೇ. ಇಪ್ಪತ್ತು ದಿನ ಅವರು ಬೇರೆ ತಾಟು ಮುಟ್ಟಗೊಡಲಿಲ್ಲ. ಮಕ್ಕಳಿಗೆ ಇಂಥವು ಇನ್ನೂ ಬೇಕು ಎಂದು ಬಕೆಟ್ಟಿನ ಮುಚ್ಚಳಗಳನ್ನು ಕತ್ತರಿಸಿ, ಅಂಚು ಬಗ್ಗಿಸಿ ಎಸೆದು ನೋಡಿದರು. ಅವು ಹಾರಲಿಲ್ಲ. ಒಂದು ಹೋಗಿ ನಮ್ಮ ಅಮ್ಮನ ಹಪ್ಪಳದ ಚಾಪೆಯ ಮೇಲೆ ಬಿತ್ತು. "ಮಾಸ್ತರೇ, ಇದು ಎಮ್ಮೆ ಅಲ್ವೇ ಅಲ್ಲ, ಕೋಣ" ಎಂದು ಅಮ್ಮ ಬೈದದ್ದು ನೆನಪಿದೆ. ಕೊನೆಗೆ ಆ ವಿದೇಶಿ ಹುಡುಗನಿಗೆ ನನ್ನ ಕೈಯಲ್ಲೇ ಕಾಗದ ಬರೆಸಿದರು. ಮೂರು ತಿಂಗಳಿಗೆ ಒಂದು ಪೊಟ್ಟಣ ಬಂತು. ಮಕ್ಕಳಿಗೆಂದು ಆರು ಹಗುರ ಎಮ್ಮೆಗಳು. ಮಾಸ್ತರರಿಗೆ ಉಡುಗೊರೆಯೆಂದು ಒಂದು ಕೆಂಪು ಹೋರಿ. ಆ ಕೆಂಪು... ಹೊಸ ಬಳೆಯ ಹಾಗೆ ಹೊಳೆಯುತ್ತಿತ್ತು. ಅವರೂ ಅದನ್ನು ನಾಲ್ಕೈದು ಸಲಕ್ಕಿಂತ ಹೆಚ್ಚು ಎಸೆದಿರಲಿಲ್ಲ.

ಮಕ್ಕಳು ಎಂದೆನಲ್ಲ, ಅದೇ ಅವರ ಆಸೆ. ಹತ್ತಿರದ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರ ಬೆನ್ನು ಬಿದ್ದು ಒಪ್ಪಿಸಿದ್ದರು. ಶನಿವಾರ ಮಧ್ಯಾಹ್ನ ಎಂಟನೇ ಇಯತ್ತೆಯ ಮಕ್ಕಳನ್ನು ಬೇಣಕ್ಕೆ ಕರೆದುಕೊಂಡು ಬಂದು ಆಟ ಕಲಿಸಬಹುದು ಎಂದು ಮಾತಾಗಿತ್ತು. ನಿವೃತ್ತಿಯಾದ ಆರು ವರ್ಷಗಳ ಮೇಲೆ ಮತ್ತೆ ಮಕ್ಕಳು ಸಿಗುವವರಿದ್ದರು. ಸೀಟಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಟ್ಟಿದ್ದರು. ಬರುವ ಶನಿವಾರ ಮೊದಲ ಕ್ಲಾಸು. ಅದಕ್ಕೆ ಆರು ದಿನ ಮುಂಚಿನ ಭಾನುವಾರ ನಮ್ಮ ಭಾವ ಬಂದ.

ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಸಿದ್ದಾಪುರದ ಮನ್ಮನೆಗೆ ಕೊಟ್ಟಿದ್ದು. ಮದುವೆಯ ಗಡಿಬಿಡಿಯೆಲ್ಲ ಮುಗಿದ ಮೇಲೆ ಭಾವ ನಮ್ಮ ಮನೆಗೆ ಉಳಿಯಲೆಂದು ಬಂದದ್ದು ಅದೇ ಮೊದಲು. ಹೊಸ ಅಳಿಯ ಮನೆಗೆ ಬಂದರೆ ನಮ್ಮಲ್ಲಿ ಹೇಗೆಂದು ಹೇಳಬೇಕಾಗಿಲ್ಲ. ಕುಡಿ ಇರುವ ಬಾಳೆಲೆ ಅವನಿಗೆ. ಹೊಸ ಟವೆಲು, ಹೊಸ ಸಾಬೂನು, ಮೊಸರಿನ ಮೇಲಿನ ಕೆನೆ ಅವನಿಗೆ. ಕಾಲು ಒಡೆದ ಕುರ್ಚಿ ಅಟ್ಟಕ್ಕೆ ಹೋಗುತ್ತದೆ. ಹಳೆಯದು, ಹರಿದದ್ದು, ಬಣ್ಣ ಹೋದದ್ದು ಅಳಿಯನ ಕಣ್ಣಿಗೆ ಬಿದ್ದರೆ ಮನೆಯ ಮರ್ಯಾದೆ ಹೋದಂತೆ. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ, ಮೈಗೇ ಬಂದಿರುತ್ತದೆ.

ಮಧ್ಯಾಹ್ನದ ಊಟ ಮುಗಿದು, ಒಂದು ನಿದ್ದೆಯೂ ಮುಗಿದು ಭಾವ ಆಕಳಿಸುತ್ತ ಕೂತಿದ್ದ. "ಭಾವಂಗೆ ಎಂತಾದ್ರೂ ತೋರ್ಸಿಕ್ಕಿ ಬಾರಾ, ಸುಮ್ಮಂಗೆ ಕೂತ್ಕಂಡು ಬೇಜಾರು ಬತ್ತು" ಎಂದು ಅಮ್ಮ ನನ್ನನ್ನು ಎಬ್ಬಿಸಿದಳು. ನಾನು ಬೇಣಕ್ಕೆ ಕರೆದುಕೊಂಡು ಹೋದೆ. ಮಾಸ್ತರು ಅಲ್ಲಿ ಶನಿವಾರದ ತಯಾರಿಯಲ್ಲಿದ್ದರು. ಅವರ ಚೀಲ ನೋಡಿ ಭಾವನಿಗೆ ನಗು.

"ಇದೆಂತದಾ ಭಾವ, ಊಟದ ತಾಟು ಹೊತ್ಕಂಡು ಬೇಣ ತಿರುಗ್ತ್ರಾ ನಿಮ್ಮೂರಲ್ಲಿ? ಊಟ ಹಾಕವು ಯಾರೂ ಇಲ್ಯ?"

ನಮ್ಮಲ್ಲಿ ಭಾವಂದಿರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಮಾಸ್ತರರಿಗೂ ನಗು ಬಂತು. "ಬರ್ರಿ ಅಳಿಯಾರ, ಒಂದು ಕೈ ನೋಡೇ ಬಿಡ್ರಿ" ಎಂದರು. ಭಾವ ಪ್ಯಾಂಟಿನ ಕಾಲು ಮಡಚಿಕೊಳ್ಳಲು ಒಂದು ಕಲ್ಲಿನ ಮೇಲೆ ಕೂತ. ಮಾಸ್ತರು ನನ್ನ ಹತ್ತಿರ ಬಂದು ಮೆಲ್ಲಗೆ, "ಹಸರ ಎಮ್ಮಿ ಕೊಡು. ನಾ ಬುಟ್ಟಿ ಹಂತ್ಯಾಕ ನಿಂದರತೀನಿ, ಅವರಿಗೆ ಗುರಿ ಕಾಣ್ಲಿ" ಎಂದು ಹೇಳಿ ಎರಡನೆಯ ಹೆಡಿಗೆಯ ಕಡೆ ನಡೆದರು. ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವನು ನಾನೊಬ್ಬನೇ.

ಆ ಜಾಗ ಹೇಗಿತ್ತೆಂದು ಹೇಳಬೇಕು. ನಾವು ನಿಂತಲ್ಲಿಂದ ಹೆಡಿಗೆ ನೇರಕ್ಕೆ ಅರುವತ್ತು ಹೆಜ್ಜೆ. ಎಡಗಡೆಗೆ ಗುಡ್ಡ ಇಳಿಯುತ್ತದೆ. ಇಳಿಜಾರಿನ ಕೆಳಗೆ ಒಂದು ದೊಡ್ಡ ಬೂರುಗದ ಮರ. ಬುಡ ಕೆಳಗಿದ್ದದ್ದರಿಂದ ಅದರ ನಡು ಕೊಂಬೆಗಳು ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತಿದ್ದವು. ಆ ಕೊಂಬೆಗಳಲ್ಲಿ ಚಳಿಗಾಲ ಕಳೆಯುತ್ತಿದ್ದಂತೆ ಹೆಜ್ಜೇನು ಬಂದು ಕೂರುತ್ತಿತ್ತು. ಆ ವರ್ಷ ನಾಲ್ಕು ಹುಟ್ಟು, ಒಂದೊಂದೂ ಮೊರದಷ್ಟು ಅಗಲ, ಕಪ್ಪಗೆ. ಮೂರನೆಯ ಹೆಡಿಗೆ ಆ ಮರಕ್ಕೆ ತೀರಾ ಹತ್ತಿರ ಎಂದು ಮಾಸ್ತರು ಅದನ್ನು ಬಿಚ್ಚಿಟ್ಟಿದ್ದರು. ಎರಡನೆಯದು ಸಾಕಷ್ಟು ದೂರ. ಎಮ್ಮೆಯನ್ನು ಎಷ್ಟು ಕೆಟ್ಟದಾಗಿ ಎಸೆದರೂ ಅದು ಇಪ್ಪತ್ತು ಮೂವತ್ತು ಹೆಜ್ಜೆಗೆ ಹುಲ್ಲಿನಲ್ಲಿ ಮಲಗುತ್ತದೆ, ಮರದ ತನಕ ಹೋಗುವುದೇ ಇಲ್ಲ. ಅವರು ಅದನ್ನೆಲ್ಲ ಲೆಕ್ಕ ಹಾಕಿಯೇ ಇಟ್ಟಿದ್ದರು.

ನಾನು ಚೀಲಕ್ಕೆ ಕೈ ಹಾಕಿದೆ. ಹಸಿರು ಎಮ್ಮೆ ಕೈಗೆ ಸಿಕ್ಕಿತು. ಹೊರಗೆ ತೆಗೆದೆ ಕೂಡ. ನಾಯಿಯ ಹಲ್ಲಿನ ಗುರುತು ಕಂಡಿತು. ಭಾವ ಕಲ್ಲಿನಿಂದ ಎದ್ದು, ಇಸ್ತ್ರಿಯ ಅಂಗಿಯ ತೋಳು ಏರಿಸಿಕೊಂಡು ನನ್ನ ಕಡೆಗೇ ಬರುತ್ತಿದ್ದ. ನಾಯಿ ಕಚ್ಚಿದ ತಾಟನ್ನು ಹೊಸ ಅಳಿಯನ ಕೈಗೆ ಕೊಡುವುದು ಹೇಗೆ... ಅಷ್ಟೇ ನನಗೆ ಹೊಳೆದದ್ದು. ಎಮ್ಮೆಯನ್ನು ಚೀಲಕ್ಕೆ ಹಾಕಿ ಕೆಂಪು ಹೋರಿ ತೆಗೆದುಕೊಟ್ಟೆ. "ಇದು ಎಲ್ಲಕ್ಕಿಂತ ಒಳ್ಳೇದು ಭಾವ, ಹೊಸಾದು" ಎಂದೂ ಸೇರಿಸಿದೆ.

ಭಾವನ ತೋಳು ಗಟ್ಟಿ. ಕಲಿತ ಕೈ ಅಲ್ಲ. ಎದೆಯ ಹತ್ತಿರದಿಂದ ಬೀಸಿ ಎಸೆದ. ತಾಟು ಮೊದಲು ನೇರ ಹೋಯಿತು, ಚೆಂದ ಹೋಯಿತು. ನಾನು "ಭಲೇ" ಅಂದೆ. ಅರ್ಧ ದಾರಿಯಲ್ಲಿ ಅದು ಎಡಗಡೆಗೆ ವಾಲಿತು. ಎಮ್ಮೆಯಾಗಿದ್ದರೆ ಅಲ್ಲೇ ಬೀಳುತ್ತಿತ್ತು. ಅದು ಬೀಳಲಿಲ್ಲ. ಇಳಿಜಾರಿನ ಮೇಲೆ ತೇಲುತ್ತ, ವೇಗ ಹೆಚ್ಚಿಸಿಕೊಳ್ಳುತ್ತ ಬೂರುಗದ ಕಡೆಗೇ ತಿರುಗಿತು. ಮಾಸ್ತರು ಹೆಡಿಗೆಯ ಹತ್ತಿರದಿಂದ ಅದನ್ನೇ ನೋಡುತ್ತಿದ್ದರು. ಅವರಿಗೆ ಬಣ್ಣ ಕಂಡಿತ್ತು. ಒಂದು ಕೈ ಮೇಲೆತ್ತಿದರು, ತಡೆಯುವ ಹಾಗೆ... ತಾಟು ಒಂದು ಹುಟ್ಟಿಗೆ ಅಂಚು ಮುಂದಾಗಿ ತಾಗಿತು. ಸದ್ದೇ ಆಗಲಿಲ್ಲ. ಕಪ್ಪು ಬಟ್ಟೆ ಹರಿದ ಹಾಗೆ ಹುಟ್ಟಿನ ಮೇಲಿನ ಹುಳುಗಳು ಕಳಚಿ, ಒಳಗಿನ ಬಿಳಿ ಮೇಣದ ಎರಿ ಒಂದು ಗಳಿಗೆ ಕಂಡಿತು.

ಅಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ. ತಾಟು ಕೈ ಬಿಟ್ಟಾಗಿನಿಂದ ಹುಟ್ಟಿಗೆ ತಾಗುವವರೆಗೆ ಮೂರು ಉಸಿರು. ತಾಗಿದ ಮೇಲೆ ಹುಳುಗಳ ಸದ್ದು ನಮ್ಮನ್ನು ಮುಟ್ಟುವವರೆಗೆ ಇನ್ನೆರಡು. ಅದು ಗುಂಯ್‌ಗುಡುವುದಲ್ಲ. ದೂರದಲ್ಲಿ ಲಾರಿ ಏರು ಹತ್ತುವ ಸದ್ದು. "ಓಡ್ರಿ!" ಎಂದು ಮಾಸ್ತರು ಕೂಗಿದ್ದು ಕೇಳಿತು. ನಾನು ಓಡಿದೆ. ಭಾವನ ಕೈ ಹಿಡಿಯಲಿಲ್ಲ. ಹಿಂತಿರುಗಿ ನೋಡಲಿಲ್ಲ. ರಸ್ತೆಯ ಕೆಳಗಿನ ಮೋರಿಗೆ ನುಗ್ಗಿ, ಅಂಗಿ ತಲೆಗೆ ಸುತ್ತಿಕೊಂಡು ಮುದುರಿ ಕೂತೆ. ನನಗೆ ಕಚ್ಚಿದ್ದು ಒಂಬತ್ತು.

ಭಾವ ಓಡಲಿಲ್ಲ. ಅವನಿಗೆ ಏನಾಗುತ್ತಿದೆಯೆಂದೇ ತಿಳಿಯಲಿಲ್ಲ. ನಿಂತಲ್ಲೇ ಎರಡೂ ಕೈಗಳಿಂದ ಹುಳುಗಳನ್ನು ಹೊಡೆಯತೊಡಗಿದ. ಹೊಡೆದಷ್ಟೂ ಅವು ಹೆಚ್ಚು ಬರುತ್ತವೆ. ಮಾಸ್ತರು ಇದ್ದದ್ದು ಹೆಡಿಗೆಯ ಹತ್ತಿರ. ಅಲ್ಲಿಂದ ಆಚೆ ಇಳಿದು ಓಡಿದ್ದರೆ ದಟ್ಟ ಪೊದೆಗಳ ಹಳು ಇತ್ತು, ಅವರಿಗೆ ಏನೂ ಆಗುತ್ತಿರಲಿಲ್ಲ. ಅವರು ಅರುವತ್ತು ಹೆಜ್ಜೆ ಈ ಕಡೆಗೆ, ಹುಳುಗಳ ಒಳಗೇ ಓಡಿ ಬಂದರು. ಬೇಣದ ಅಂಚಿನಲ್ಲಿ ದರಕಿನ ರಾಶಿ ಇತ್ತು. ತೋಟಕ್ಕೆ ಹೊರಲು ಗುಡಿಸಿ ಒಟ್ಟಿದ ಒಣ ಎಲೆ, ಎದೆಯೆತ್ತರ. ಭಾವನನ್ನು ಎಳೆದು ಅದರೊಳಗೆ ನೂಕಿ, ಮೇಲೆ ಎಲೆ ಎಳೆದು, ಇನ್ನೂ ಮುಚ್ಚದೆ ಉಳಿದ ಅವನ ಬೆನ್ನು ತಲೆಗಳ ಮೇಲೆ ತಾವೇ ಮಲಗಿಬಿಟ್ಟರು. ಅವರ ಮೇಲೆ ಎಲೆ ಹಾಕುವವರು ಯಾರೂ ಇರಲಿಲ್ಲ. ನಾನು ಮೋರಿಯಲ್ಲಿದ್ದೆ.

ಹೊತ್ತು ಎಷ್ಟಾಯಿತೋ. ದರಕು ಹೊರಲು ಬರುವ ಆಳುಗಳು ಕಂಬಳಿ ಹೊದ್ದು, ಹೊಗೆ ಹಾಕಿ ಇಬ್ಬರನ್ನೂ ಎತ್ತಿದರು. ಆಗ ನಾನು ಹತ್ತಿರ ಹೋದೆ. ಆಗಲೇ ಆ ಬಾಳೆಹಣ್ಣಿನ ವಾಸನೆ ಬಂದದ್ದು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ಭಾವನಿಗೆ ನಲವತ್ತರಷ್ಟು ಕಡಿತ. ಮಾಸ್ತರ ಮೈಯಿಂದ ಮುಳ್ಳು ಕೀಳುತ್ತಿದ್ದ ನರ್ಸು ಇನ್ನೂರರ ನಂತರ ಎಣಿಸುವುದನ್ನು ಬಿಟ್ಟಳು. ಮುಖ ಮುಖವಾಗಿ ಉಳಿದಿರಲಿಲ್ಲ, ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮರುದಿನ ಮನ್ಮನೆಯಿಂದ ಭಾವನ ಅಪ್ಪ ಬಂದರು. ಅಕ್ಕ ಗಂಡನ ತಲೆಯ ಹತ್ತಿರ ನಿಂತಿದ್ದಳು. ನಮ್ಮ ಅಪ್ಪ ಅಮ್ಮ ಬಾಗಿಲ ಬಳಿ. ಭಾವನ ಅಪ್ಪ, ಕೆಂಪು ತಾಟು ಹೊಸಬರಿಗಲ್ಲ ಎಂಬುದೂ ಸೇರಿದಂತೆ ಎಲ್ಲ ಕೇಳಿಕೊಂಡು, ಕೊನೆಗೆ ಮಗನನ್ನು ಕೇಳಿದರು.

"ಆ ಕೆಂಪು ತಾಟು ನಿನ್ನ ಕೈಗೆ ಕೊಟ್ಟಿದ್ದು ಯಾರು?"

"ಭಾವ ಕೊಟ್ಟ" ಎಂದ ಭಾವ. ಅವನಿಗೆ ಅದರಲ್ಲಿ ದೂರು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ ಅಷ್ಟೇ.

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು. ಭಾವನ ಅಪ್ಪ ಜೋರು ಮಾಡಲಿಲ್ಲ. "ನಿಂಗೆ ಗೊತ್ತಿತ್ತನ, ಅದು ಹೊಸಬರಿಗೆ ಕೊಡುವಂಥದ್ದು ಅಲ್ಲ ಹೇಳಿ?" ಎಂದು ಮಾತ್ರ ಕೇಳಿದರು. ನಾನು ಬಾಯಿ ತೆರೆದೆ. ತೆರೆದದ್ದು ನಿಜ ಹೇಳಲಿಕ್ಕೋ ಸುಳ್ಳು ಹೇಳಲಿಕ್ಕೋ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಪಕ್ಕದ ಮಂಚದಿಂದ ದನಿ ಬಂತು.

"ಹುಡುಗಂದು ತಪ್ಪಿಲ್ರಿ. ಅವ ಎಮ್ಮಿ ತಗದಿದ್ದ. ನಾನ ಹೇಳಿದ್ದು, ಅಳಿಯಾರು ಬಂದಾರ, ಕೆಂಪುದು ಕೊಡು ಅಂತ."

ತುಟಿ ಊದಿಕೊಂಡದ್ದರಿಂದ ಒಂದೊಂದೇ ಶಬ್ದ ಬಿಡಿಸಿ ಹೇಳಬೇಕಾಯಿತು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನೆಲ್ಲಿ ನಿಂತಿದ್ದೇನೆಂದೂ ಗೊತ್ತಿರಲಿಲ್ಲ. ಭಾವನ ಅಪ್ಪ ಆ ಕಡೆ ತಿರುಗಿದರು. "ಪ್ರಾಯ ಆದವಕ್ಕೇ ಬುದ್ಧಿ ಇಲ್ಲೆ ಅಂದ್ರೆ ಯಾರ ಹತ್ರ ಹೇಳವು?" ಎಂದು ಹೊರಗೆ ಹೋದರು. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಬಾಯಿ ಮುಚ್ಚಿದೆ. ಮುಚ್ಚಿದ್ದು ಮುಚ್ಚಿಯೇ ಉಳಿಯಿತು.

ಸಂಜೆ ಯಾರೂ ಇಲ್ಲದಾಗ ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. "ಸರ್, ಯಾಕೆ ಹಾಗೆ ಹೇಳಿದ್ರಿ?" ಎಂದು ಕೇಳಿದೆ.

"ನಿಮ್ಮ ಅಕ್ಕ ಇನ್ನ ಮ್ಯಾಲೆ ಆ ಮನ್ಯಾಗ ಬಾಳೇ ಮಾಡಬೇಕು ತಮ್ಮಾ. ತವರಮನಿಯವರು ಮಗನ್ನ ಕೊಲ್ಲಾಕ ಹೋಗಿದ್ರು ಅಂತ ಮಾತು ಹುಟ್ಟಿದ್ರ ಸಾಯೂತನಾ ಬಿಡೂದಿಲ್ಲ. ನನಗೇನಾಗತೈತಿ? ರಿಟೈರ್ ಆದಾವ ನಾನು."

ಅವರಿಗೆ ಏನಾಗುತ್ತದೆ ಎಂಬುದು ನಾಲ್ಕೇ ದಿನಕ್ಕೆ ಗೊತ್ತಾಯಿತು. ಹೆಡ್‌ಮಾಸ್ತರರು ಯಾರ ಕೈಯಲ್ಲೋ ಹೇಳಿ ಕಳಿಸಿದರು, ಶನಿವಾರದ ಕ್ಲಾಸು ಸದ್ಯಕ್ಕೆ ಬೇಡ ಎಂದು. ಹೊಸಬನ ಕೈಗೆ ಎಂಥದ್ದು ಕೊಡಬೇಕೆಂದು ತಿಳಿಯದವರ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂಬುದು ಊರಿನ ಮಾತು. ಹೆಡ್‌ಮಾಸ್ತರರ ತಪ್ಪೂ ಅಲ್ಲ, ಅವರಿಗೆ ತಲುಪಿದ ಸುದ್ದಿ ಅದು. ಮೂರು ವಾರಕ್ಕೆ ಮಾಸ್ತರು ಮನೆಗೆ ಬಂದರು. ಕಿಡ್ನಿಗೆ ಪೆಟ್ಟಾಗಿದೆ, ಉಪ್ಪು ಕಡಿಮೆ ಮಾಡಿ ಎಂದಿದ್ದರು ಡಾಕ್ಟರು. ಬೆಳಗಿನ ಕವಾಯತು ನಿಂತಿತು.

ನಾನು ಒಂದು ದಿನ ಆ ಶಾಲೆಯ ಗೇಟಿನವರೆಗೆ ಹೋದೆ. ಹೆಡ್‌ಮಾಸ್ತರರ ಕೋಣೆಯ ಕಿಟಕಿ ಕಾಣುತ್ತಿತ್ತು. ಒಂದು ಮಾತು ಸಾಕಿತ್ತು. "ಸರ್, ಅವರು ಹೇಳಿದ್ದು ಎಮ್ಮೆ ಕೊಡು ಎಂದು, ನಾನು ಕೇಳಲಿಲ್ಲ." ಆ ಮಾತು ಹೆಡ್‌ಮಾಸ್ತರರಿಂದ ಪೇಟೆಗೆ, ಪೇಟೆಯಿಂದ ಸಿದ್ದಾಪುರಕ್ಕೆ, ಮನ್ಮನೆಗೆ ಹೋಗಲು ಎಷ್ಟು ಹೊತ್ತು... ಅಕ್ಕನ ಹೆಸರು ಹೇಳಿಕೊಂಡು ವಾಪಸ್ಸು ಬಂದೆ. ಅಕ್ಕನಿಗಾಗಿ ಅಂದುಕೊಂಡೆ. ಮೋರಿಯಲ್ಲಿ ಮುದುರಿ ಕೂತವನು ಅಂದುಕೊಳ್ಳುವುದೇ ಹಾಗೆ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಅವರು ಯಾವುದೋ ಮಾತಿನ ನಡುವೆ ಕೇಳಿದರು. "ಶಾಲಿಯಿಂದ ಏನರ ಹೇಳಿ ಕಳಸ್ಯಾರೇನು?"

"ಇಲ್ಲ ಸರ್" ಎಂದೆ.

"ಇರ್ಲಿ ಬಿಡು. ಪರೀಕ್ಷಾ ಹತ್ತರ ಬಂತಲ್ಲ, ಅವರಿಗೂ ಪುರುಸೊತ್ತಿಲ್ಲ."

ಮತ್ತೆ ಅವರು ಕೇಳಲಿಲ್ಲ. ಪರೀಕ್ಷೆ ಮುಗಿದಾಗಲೂ ಕೇಳಲಿಲ್ಲ. ಹೆಡಿಗೆಗಳನ್ನು ಗೆದ್ದಲು ತಿಂದಿತು. ನನಗೆ ಯಲ್ಲಾಪುರದಲ್ಲಿ ಕೆಲಸ ಸಿಕ್ಕಿ ನಾನು ಹೋದೆ. ಎರಡು ವರ್ಷಕ್ಕೆ ಮಗಳು ಬಂದು ಅವರನ್ನು ಊರಿಗೆ ಕರೆದುಕೊಂಡು ಹೋದಳು. ಹೊರಡುವ ದಿನ ನಾನು ಬಂದಿದ್ದೆ. ಚೀಲ ಲಾರಿಗೆ ಹಾಕುವಾಗ ಏನಾದರೂ ಹೇಳುತ್ತಾರೇನೋ ಎಂದು ಕಾದೆ. "ನೌಕರಿ ಚಲೋ ಮಾಡು" ಎಂದರು ಅಷ್ಟೇ. ಇನ್ನೆರಡು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ಹನ್ನೆರಡನೆಯ ದಿನವೂ ಮುಗಿದ ಮೇಲೆ ಬಂತು.

ಕೆಲವೊಮ್ಮೆ ನಾನು ಆ ಭಾನುವಾರವನ್ನು ಬೇರೆ ಥರ ನಡೆಸಿ ನೋಡುತ್ತೇನೆ. ಹಸಿರು ತಾಟನ್ನೇ ಕೊಡುತ್ತೇನೆ. ಅದು ಇಪ್ಪತ್ತು ಹೆಜ್ಜೆಗೆ ಧೊಪ್ಪೆಂದು ಬೀಳುತ್ತದೆ. ಭಾವ ನಗುತ್ತಾನೆ, "ಎಂತದಾ ಇದು, ಕಾಲೇ ಇಲ್ಲೆ ಇದಕ್ಕೆ" ಅನ್ನುತ್ತಾನೆ. ಮಾಸ್ತರು ಹೆಡಿಗೆಯ ಹತ್ತಿರದಿಂದ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ನಿಲ್ಲುತ್ತದೆ. ಶನಿವಾರದ ತನಕ ಒಮ್ಮೆಯೂ ಹೋಗಿಲ್ಲ.

ಬಸ್ಸಿನಿಂದ ಇಳಿದ ಆ ದಿನ ಕಲ್ಲಿನ ಮೇಲೆ ಕೂತಾಗ ಇನ್ನು ಸಾಕು ಅನಿಸಿತು. ಮುಂದಿನ ಬಸ್ಸು ಹಿಡಿದು ಶಿರಸಿಯಲ್ಲಿ ಇಳಿದವನು ಮನೆಗೆ ಹೋಗದೆ ಸಿದ್ದಾಪುರದ ಬಸ್ಸು ಹತ್ತಿದೆ. ಮನ್ಮನೆ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಭಾವ ಅಂಗಳದಲ್ಲಿ ಕೂತು ಕಾಳುಮೆಣಸು ಕೇರುತ್ತಿದ್ದ. ತಲೆ ನೆರೆತಿದೆ, ಮಂಡಿ ನೋವು. ಅವನ ಅಪ್ಪ ಇಲ್ಲ. ಅಕ್ಕನ ಮಕ್ಕಳಿಬ್ಬರೂ ಓದಲು ಹೊರಗಿದ್ದಾರೆ. ಅಕ್ಕನ ಸಂಸಾರಕ್ಕೆ ಈಗ ಯಾರ ಮಾತಿನಿಂದಲೂ ಏನೂ ಆಗುವುದಿಲ್ಲ. ಅದು ಆಗದಂತಾಗಿ ಎಷ್ಟೋ ವರ್ಷಗಳಾದವು.

ಎದುರಿಗೆ ಕೂತು ಎಲ್ಲ ಹೇಳಿದೆ. ಮಾಸ್ತರು ಎಮ್ಮೆ ಕೊಡು ಎಂದದ್ದು, ನಾನು ಹೊರಗೆ ತೆಗೆದು ಮತ್ತೆ ಒಳಗಿಟ್ಟದ್ದು, ಯಾಕೆಂಬುದು, ಗಂಜಿ ಕುಡಿಸುವಾಗ ಅವರು ಹೇಳಿದ ಮಾತು. ಭಾವ ಮೊರ ಕೆಳಗಿಟ್ಟ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಮಾಸ್ತರು ಇಲ್ಲಿಗೆ ಬಂದಿದ್ದು ನಿಂಗೆ ಗೊತ್ತಿದ್ದನ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ.

"ಮರುವರ್ಷ ಬ್ಯಾಸಗೆಲಿ. ಎನ್ನ ಆರೋಗ್ಯ ಹೆಂಗಿದ್ದು ಕೇಳಲೆ ಹೇಳಿ ಒಬ್ಬರೇ ಬಂದಿದ್ರು. ಬಸ್ ಬಪ್ಪ ಜಾಗದಿಂದ ಬಿಸಿಲಲ್ಲಿ ನಡ್ಕಂಡೇ ಬಂದಿದ್ರು ಕಾಣ್ತು, ಅಂಗಿ ಎಲ್ಲ ಬೆವರು. ಕಿಟಕಿಲಿ ನೋಡಿ, 'ಮನೇಲಿ ಇಲ್ಲೆ ಹೇಳು' ಹೇಳಿ ನಿನ್ನ ಅಕ್ಕನ ಕಳಸಿದ್ದು ಆನು."

ಅವನು ಒಂದು ಮೆಣಸಿನ ಕಾಳನ್ನು ನೆಲದಿಂದ ಎತ್ತಿ ಮೊರಕ್ಕೆ ಹಾಕಿದ.

"ಬೆಲ್ಲ ನೀರು ಕುಡದು, ಅರ್ಧ ತಾಸು ಆ ಜಗಲಿಲೇ ಕೂತಿದ್ರು. ಬತ್ನೇನ ಹೇಳಿ ಕಾದಿದ್ರು. ಆನು ಬಾಗಿಲ ಹಿಂದೆ ಕೂತಿದ್ದು, ಕೆಮ್ಮಿದ್ರೆ ಗೊತ್ತಾಗ್ತು ಹೇಳಿ ಬಾಯಿ ಮುಚ್ಕಂಡು..." ಜಗಲಿಯ ಕಡೆ ನೋಡುತ್ತ, "ನೀನು ಅಷ್ಟ್ರೊಳಗೆ ಒಂದು ಮಾತು ಹೇಳಿದ್ರೆ ಎದ್ದು ಹೊರಗೆ ಬರ್ತಿದ್ದೆ, ಭಾವ" ಎಂದ.

ಒಳಗಿನಿಂದ ಅಕ್ಕ ಚಹಾಕ್ಕೆ ಕರೆದಳು. ಇಬ್ಬರೂ ಏಳಲಿಲ್ಲ.